ದ್ರಾಕ್ಷಿ ಹಿಪ್ಪೆ ತಿಂದ ಕುರಿಗಳು

ನಾನು ವೈನ್ ಮಾಡುವವಳು. ಹೊಳಲ್ಕೆರೆಯಲ್ಲಿರುವ ನನ್ನ ಅಮ್ಮ ಈಗಲೂ ನೆಂಟರ ಹತ್ತಿರ "ಮಗಳು ಹಿರಿಯೂರು ಕಡೆ ಜ್ಯೂಸ್ ಫ್ಯಾಕ್ಟರೀಲಿ ಅವಳೆ" ಎಂದೇ ಹೇಳುತ್ತಾಳೆ. ನಾನು ತಿದ್ದಲು ಹೋಗಿಲ್ಲ. ದ್ರಾಕ್ಷಿ ಹಿಂಡುವವರೆಗೆ ಅವಳು ಹೇಳುವುದು ನಿಜವೇ. ಆಮೇಲಿನದು ಯೀಸ್ಟಿನ ಕೆಲಸ, ನಾನು ಬರೀ ಕಾವಲು. ಕುರಿಗಳು ಬಂದ ವರ್ಷ ವೈನ್ ಚೆನ್ನಾಗಿಯೇ ಬಂತು. ಕೆಟ್ಟದ್ದು ಬೇರೆ.

ನಮ್ಮದು ಒಂದು ಕುಟುಂಬದ ಸಣ್ಣ ವೈನರಿ. ಹಿರಿಯೂರಿನಿಂದ ಹೊಸದುರ್ಗದ ಕಡೆ ಹೋಗುವ ರಸ್ತೆಗೆ ಹೊಂದಿಕೊಂಡು ತೋಟ, ತೋಟದ ತುದಿಗೆ ತಗಡಿನ ಶೆಡ್ಡು, ಶೆಡ್ಡಿನೊಳಗೆ ಸ್ಟೀಲ್ ಟ್ಯಾಂಕುಗಳು. ಮಾಲೀಕರು ಮತ್ತು ಅವರ ಮನೆಯವರು ತೋಟ ನೋಡಿಕೊಂಡರೆ ಟ್ಯಾಂಕುಗಳು ನನ್ನ ಪಾಲಿಗೆ. ಬೆಳೆಯುವುದು ಸಾಂಜೊವೇಸೆ ಎಂಬ ಇಟಲಿಯ ಕೆಂಪು ದ್ರಾಕ್ಷಿ. ಈ ತಳಿ ಇಲ್ಲಿಗೆ ಬಂದದ್ದು ನನ್ನ ಹಟದಿಂದ. ಕೆಲಸ ಕಲಿಯಲೆಂದು ಮಧ್ಯ ಇಟಲಿಯ ಗುಡ್ಡಗಾಡಿನಲ್ಲಿ, ಒಂದು ಮನೆತನದ ವೈನರಿಯಲ್ಲಿ, ಒಂದು ಸುಗ್ಗಿ ಕಳೆದಿದ್ದೆ. ಅಲ್ಲಿ ಅಜ್ಜಿ ಬಾಟಲಿಗೆ ಚೀಟಿ ಅಂಟಿಸುತ್ತಿದ್ದಳು, ಅಪ್ಪ ಟ್ರ್ಯಾಕ್ಟರ್ ಓಡಿಸುತ್ತಿದ್ದ, ನನ್ನ ವಾರಿಗೆಯ ಮಗಳು ನೆಲಮಾಳಿಗೆಯ ಯಜಮಾನಿಕೆ ಮಾಡುತ್ತಿದ್ದಳು. ಅವರ ಕೆಂಪು ವೈನ್ ಆ ಸೀಮೆಗೇ ಅಗ್ಗದ್ದು. ಗಾರೆ ಕೆಲಸದವರು, ಬಸ್ ಡ್ರೈವರುಗಳು ಪ್ಲಾಸ್ಟಿಕ್ ಕ್ಯಾನ್ ಹಿಡಿದು ಬಂದು, ನಮ್ಮ ಕಡೆ ಹಾಲು ಹಾಕಿಸಿಕೊಳ್ಳುವಂತೆ, ಟ್ಯಾಂಕಿನ ನಲ್ಲಿಯಿಂದ ತುಂಬಿಸಿಕೊಂಡು ಹೋಗುತ್ತಿದ್ದರು. ಹುಳಿ ಚೆರ್ರಿಯ ವಾಸನೆ, ಕೊನೆಗೆ ತುಸು ಒಗರು, ಕುಡಿದರೆ ಹಸಿವಾಗುತ್ತಿತ್ತು. ದಿನಾ ಊಟಕ್ಕೆ ಬೇಕಾದದ್ದು ದುಬಾರಿಯಾಗಬಾರದು ಎಂದು ಅಜ್ಜಿ ಹೇಳುತ್ತಿದ್ದಳು. ಆ ಮಾತು ನನಗೆ ಬಹಳ ಹಿಡಿಸಿತ್ತು.

ವಾಪಸು ಹೊರಡುವ ವಾರ ಅಲ್ಲಿ ಕಡುಚಳಿ. ಎಲೆ ಉದುರಿದ ಬಳ್ಳಿಗಳ ಸಾಲುಗಳ ನಡುವೆ ಕುರಿಗಳು ಮೇಯುತ್ತಿದ್ದವು. ಒಂದು ಫೋಟೊ ತೆಗೆದುಕೊಂಡೆ. ನಮ್ಮ ಮಾಲೀಕರಿಗೆ ಅದನ್ನು ತೋರಿಸಿದಾಗ ಅವರು ನಕ್ಕರು. "ಇದಕ್ಕೆ ಇಟಲಿಗೆ ಹೋಗ್ಬೇಕಿತ್ತಾ? ಕುರಿ ನಮ್ಮ ಜಿಲ್ಲೇಲಿಲ್ದೆ ಇನ್ನೆಲ್ಲೈತೆ? ಬಾಟ್ಲಿ ಮೇಲೆ ಕುರಿ ಚಿತ್ರನೇ ಹಾಕಾಣ ಬಿಡಮ್ಮ." ಚೀಟಿಗೆ ಕುರಿಯ ಚಿತ್ರ ಆಗಲೇ ಬರೆಸಲು ಕೊಟ್ಟರು.

ಕುರಿಯವರನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಚಿಕ್ಕಜಾಜೂರಿನ ಕಡೆಯ ಒಂದು ಹಟ್ಟಿಯಿಂದ ಗಂಡ ಹೆಂಡತಿ ಇಬ್ಬರು ಪ್ರತಿ ಬೇಸಿಗೆ ಮಂದೆ ಹೊಡೆದುಕೊಂಡು ನಮ್ಮ ರಸ್ತೆಯಲ್ಲೇ ಬರುತ್ತಿದ್ದರು. ಹೊಲದವರು ಕರೆದು ಕುರಿ ತರುಬಿಸಿಕೊಳ್ಳುತ್ತಾರೆ: ಕೊಯ್ಲಾದ ಹೊಲದಲ್ಲಿ ಮಂದೆ ರಾತ್ರಿ ತಂಗುತ್ತದೆ, ಹಿಕ್ಕೆಯೂ ಗಂಜಲವೂ ಮಣ್ಣಿಗೆ ಬೀಳುತ್ತವೆ, ಪ್ರತಿಯಾಗಿ ಕುರಿಯವರಿಗೆ ರಾಗಿಯೋ ಜೋಳವೋ ಸಿಗುತ್ತದೆ. ನಮ್ಮ ಭಾಗದಲ್ಲಿ ಇದು ಯಾರೂ ವಿವರಿಸದ ವ್ಯವಹಾರ. ನಾನು ಮಾಡಿದ ಹೊಸತನವೆಂದರೆ ಆ ಮಂದೆಯನ್ನು ದ್ರಾಕ್ಷಿ ತೋಟಕ್ಕೆ ಕರೆದದ್ದು, ಮತ್ತು ಹಿಪ್ಪೆ ತಿನ್ನಿಸಿದ್ದು.

ಹಿಪ್ಪೆಯ ವಿಷಯ ಹೇಳಬೇಕು. ಕೆಂಪು ವೈನಿಗೆ ಹಣ್ಣನ್ನು ಸಿಪ್ಪೆ ಸಮೇತ ಒಡೆದು ಟ್ಯಾಂಕಿಗೆ ಹಾಕುತ್ತೇವೆ. ಹುದುಗು ಎದ್ದಾಗ ಸಿಪ್ಪೆಯೆಲ್ಲ ಮೇಲೆ ಬಂದು ದಪ್ಪ ಕೆನೆಯಂತೆ ಕಟ್ಟಿಕೊಳ್ಳುತ್ತದೆ. ಕೆಳಗಿನ ರಸವನ್ನು ಪಂಪಿನಿಂದ ಎತ್ತಿ ಅದರ ಮೇಲೆ ಸುರಿಯುತ್ತಿರಬೇಕು, ಇಲ್ಲದಿದ್ದರೆ ಬಣ್ಣ ಇಳಿಯುವುದಿಲ್ಲ. ಸಕ್ಕರೆಯೆಲ್ಲ ಹುದುಗಿ ಮುಗಿದ ಮೇಲೆ ರಸ ಇಳಿಸಿ, ಉಳಿದ ಸಿಪ್ಪೆ ಬೀಜಗಳನ್ನು ಪ್ರೆಸ್ಸಿಗೆ ಹಾಕಿ ಹಿಂಡುತ್ತೇವೆ. ಪ್ರೆಸ್ಸಿನಿಂದ ಹೊರಬರುವ ಕಡುನೇರಳೆ ಗಟ್ಟಿಗಳೇ ಹಿಪ್ಪೆ. ಹಿಂದಿನ ವರ್ಷಗಳಲ್ಲಿ ಅದನ್ನು ಗುಂಡಿಗೆ ಸುರಿದು ನೊಣ ಸಾಕಿದ್ದೆವು. ಪಕ್ಕದ ಹೊಲದವರು ಮೂಗು ಮುಚ್ಚಿಕೊಂಡೇ ಜಗಳಕ್ಕೆ ಬರುತ್ತಿದ್ದರು. ಈ ಸಲ ಕಣದಲ್ಲಿ ಹರವಿ ಒಣಗಿಸಿದೆವು. ಫೆಬ್ರವರಿಯ ಕೊಯ್ಲು ಮುಗಿದು ಹುಲ್ಲುಕಡ್ಡಿ ಇಲ್ಲದ ಕಾಲಕ್ಕೆ ಮಂದೆ ಬಂತು. ಕುರಿಗಳು ಹಿಪ್ಪೆಗೆ ಮುಗಿಬಿದ್ದವು.

"ಅಮ್ಮಾರೆ, ನಿಮ್ಮ ಎಣ್ಣೆ ವಾಸ್ನೆಗೆ ನಮ್ಮ ಕುರಿ ನಮ್ಮ ಮಾತೇ ಕೇಳವಲ್ವು" ಎಂದು ಕುರಿಯವನು ನಗುತ್ತಿದ್ದ. ಏಪ್ರಿಲಿನಲ್ಲಿ ಬಳ್ಳಿ ಸವರಿದಾಗ ಕತ್ತರಿಸಿ ಬಿದ್ದ ಎಲೆಯನ್ನೂ ಅವುಗಳಿಗೇ ಬಿಟ್ಟೆವು. ಬಿಸಿಲಿನಲ್ಲಿ ಮಂದೆ ಸಾಲುಗಳ ನಡುವೆ ಹರಡಿಕೊಂಡು ಮೇಯುವುದನ್ನು ನೋಡಿ ನಾನು ಫೋಟೊ ತೆಗೆದು ಇಟಲಿಯ ಗೆಳತಿಗೆ, ಆ ನೆಲಮಾಳಿಗೆಯ ಯಜಮಾನಿಗೆ, ಕಳಿಸಿದೆ. ಅವಳು ಒಂದು ನಗುಮುಖ ಕಳಿಸಿದಳು. ತಿಂಗಳು ಯಾವುದೆಂದು ಅವಳು ನೋಡಲಿಲ್ಲ, ನಾನೂ ಹೇಳಲಿಲ್ಲ.

ಮೇ ತಿಂಗಳಲ್ಲಿ ಉಣ್ಣೆ ಕತ್ತರಿಸುವವರು ಬಂದರು. ಇಡೀ ಮಂದೆಯನ್ನು ಒಂದೊಂದಾಗಿ ಹಿಡಿದು ಕೆಡವಿ ಕತ್ತರಿಸಿ ಮುಗಿಸಿದರು. ಅದಾದ ಮಾರನೆಯ ಬೆಳಿಗ್ಗೆ ಕುರಿಯವನ ಹೆಂಡತಿ ಶೆಡ್ಡಿನ ಬಾಗಿಲಿಗೆ ಬಂದು ನಿಂತಳು.

"ಅಮ್ಮಾರೆ, ಒಂದೀಟು ಬರ್ರಿ. ಎಲ್ಡು ಕುರಿ ಮೇವು ಮುಟ್ಟಿಲ್ಲ. ಉಚ್ಚೆ ನೋಡಿದ್ರೆ ನಿಮ್ಮ ವೈನ್ ಇದ್ದಂಗೈತೆ."

ಹೋಗಿ ನೋಡಿದೆ. ಕಣ್ಣಿನ ರೆಪ್ಪೆ ಬಿಡಿಸಿದರೆ ಅರಿಸಿನ. ಮಣ್ಣಿನ ಮೇಲೆ ಬಿದ್ದ ಮೂತ್ರದ ಕಲೆ ಕಡುಗೆಂಪು. ಮಧ್ಯಾಹ್ನದೊಳಗೆ ಎರಡೂ ಸತ್ತವು.

ಚಿತ್ರದುರ್ಗದ ಪಶುವೈದ್ಯರಿಗೆ ಫೋನ್ ಮಾಡಿದೆ. ಕೋಟೆ ಬುಡದ ಹಳೆಯ ಮುಸ್ಲಿಂ ಮನೆತನದವರು, ನಮ್ಮ ಸೀಮೆಯ ಎಮ್ಮೆ ಕುರಿಗಳಿಗೆಲ್ಲ ಅವರೇ ಸಾಹೇಬರು. ಬಂದವರೇ ಒಂದು ಕುರಿಯನ್ನು ಕೊಯ್ದು ನೋಡಿದರು. ಪಿತ್ತಜನಕಾಂಗ ಹಳದಿಗಟ್ಟಿತ್ತು, ಮೂತ್ರಪಿಂಡ ಇದ್ದಿಲಿನ ಕಪ್ಪಿಗೆ ತಿರುಗಿತ್ತು. ಕಿವಿಯ ಸಂದಿಯಲ್ಲಿ ಉಣ್ಣಿಗಳು ಕಂಡವು. "ಉಣ್ಣಿ ಜ್ವರ ಇರ್ಬೌದು. ಅದಕ್ಕೂ ಉಚ್ಚೆ ಹಿಂಗೇ ಬರ್ತೈತೆ" ಎಂದರು. ಆಮೇಲೆ ಕೈಗವಸು ಬಿಚ್ಚುತ್ತ ಕುರಿಯವನನ್ನು ಕೇಳಿದರು: "ಏನ್ ತಿಂದಾವೆ ಇವು? ಮೈಲುತುತ್ತ ಗೀಲುತುತ್ತ ಏನಾದ್ರೂ ಹೊಟ್ಟೆಗೆ ಹೋಗೈತಾ?"

"ಎಲ್ಲೀ ಮೈಲುತುತ್ತ ಸಾಹೇಬ್ರೆ? ಅದನ್ನ ನಾವ್ಯಾಕೆ ಕೊಡಾಣ" ಎಂದ ಅವನು.

ನಾನು ಅಲ್ಲೇ ನಿಂತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಅದನ್ನೂ ಮಾಡದೆ ಕೈ ಕಟ್ಟಿಕೊಂಡು ನಿಂತಿದ್ದೆ.

ಮೈಲುತುತ್ತ ಎಂದರೆ ತಾಮ್ರ. ನಮ್ಮ ತೋಟದಲ್ಲಿ ಬೂಜುರೋಗಕ್ಕೆ ನಾವು ಹೊಡೆಯುವುದು ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೊ ದ್ರಾವಣವನ್ನೇ. ದುಬಾರಿ ಔಷಧಿ ಬೇಡ, ವೈನ್ ಅಗ್ಗವಾಗಿರಲಿ ಎಂದು ನಾನೇ ಅದನ್ನು ಗೊತ್ತುಮಾಡಿದ್ದೆ. ವೈನಿನಲ್ಲಿ ತಾಮ್ರ ಇಷ್ಟೇ ಇರಬೇಕೆಂಬ ಮಿತಿಯಿದೆ, ಪ್ರತಿ ವರ್ಷ ಪರೀಕ್ಷೆಗೆ ಕಳಿಸುತ್ತೇವೆ. ನಮ್ಮದು ಮಿತಿಗಿಂತ ಬಹಳ ಕೆಳಗೆ ಬರುತ್ತಿತ್ತು, ನಾನು ಹಿಗ್ಗುತ್ತಿದ್ದೆ. ಹುದುಗುವಾಗ ತಾಮ್ರ ತಳದ ಗಸಿಗೂ ಸಿಪ್ಪೆಗೂ ಅಂಟಿಕೊಂಡು ವೈನ್ ಶುದ್ಧವಾಗುತ್ತದೆ ಎಂದು ಗೊತ್ತಿದ್ದವಳು, ಹಾಗೆ ಅಂಟಿಕೊಂಡದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಸಾಹೇಬರ ಬಾಯಲ್ಲಿ ಆ ಶಬ್ದ ಬಂದ ಗಳಿಗೆಯಲ್ಲಿ ಎಲ್ಲ ಒಟ್ಟಿಗೇ ಹೊಳೆಯಿತು. ಹೊಳೆದರೂ ಬಾಯಿ ತೆರೆಯಲಿಲ್ಲ. ಸಾಹೇಬರು ಉಣ್ಣಿ ಜ್ವರಕ್ಕೆ ಇಂಜೆಕ್ಷನ್ ಕೊಟ್ಟು, ಪಿತ್ತಜನಕಾಂಗದ ತುಣುಕನ್ನು ಪರೀಕ್ಷೆಗೆ ತೆಗೆದುಕೊಂಡು ಹೋದರು.

ಸಂಜೆ ಮಾಲೀಕರಿಗೆ ನನ್ನ ಅನುಮಾನ ಹೇಳಿದೆ. ಅವರು ಕೆಟ್ಟವರಲ್ಲ. "ವರದಿ ಬರ್ಲಿ. ಬರದಕ್ಕೆ ಮುಂಚೆ ನಾವಾಗೇ ಹೇಳಿ, ಆಮೇಲೆ ಅದಲ್ಲ ಅಂತಾದ್ರೆ?" ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಮಾತು ಅದು. ಆದರೆ ನಾನು ಅವರ ಬಳಿ ಹೋದದ್ದೇ ಆ ಮಾತು ಕೇಳಿಸಿಕೊಳ್ಳುವುದಕ್ಕೆ. ಮಿಕ್ಕ ಹಿಪ್ಪೆಯನ್ನು ಮಾತ್ರ ಬೂಷ್ಟು ಬಂದಿದೆ ಎಂದು ಸುಳ್ಳು ಹೇಳಿ ಗುಂಡಿಗೆ ಹಾಕಿಸಿದೆ. ಅಷ್ಟು ಮಾಡಿದೆನಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮುಂದಿನ ದಿನಗಳಲ್ಲಿ ದಿನಕ್ಕೊಂದರಂತೆ ಕುರಿ ಬೀಳತೊಡಗಿತು. ಇಂಜೆಕ್ಷನ್ನಿಗೆ ಯಾವುದೂ ಬಗ್ಗಲಿಲ್ಲ. ನಾನು ಟ್ಯಾಂಕುಗಳ ಹತ್ತಿರ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಆಗತಾನೇ ಗಸಿ ತೆಗೆದ ವೈನನ್ನು ಮತ್ತೊಮ್ಮೆ ರುಚಿ ನೋಡಿದೆ, ತೊಳೆದ ಪೈಪುಗಳನ್ನೇ ಮತ್ತೆ ತೊಳೆದೆ. ವೈನ್ ಹೊಳೆಯುತ್ತಿತ್ತು, ಆ ಇಟಲಿಯ ವೈನಿಗೆ ಇಷ್ಟು ಹತ್ತಿರ ನಾನು ಯಾವತ್ತೂ ಬಂದಿರಲಿಲ್ಲ. ಅದು ಖುಷಿ ಕೊಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಖುಷಿಯಾಯಿತು, ಹಾಗೆ ಆದದ್ದಕ್ಕೆ ನಾಚಿಕೆಯೂ ಆಯಿತು.

ಹೀಗಿರುವಾಗ ಕುರಿಯವನು ಒಂದು ಮಧ್ಯಾಹ್ನ ಹೊರಡುವ ಮಾತು ತೆಗೆದ. ಅವನಿಗೆ ಕಾರಣ ಸಿಕ್ಕಿತ್ತು. ಹಿಂದಿನ ವರ್ಷ ಮಂದೆಗೆ ಕಾಲುಬೇನೆ ಬಂದಾಗ, ವಾಸಿಯಾದರೆ ಮುಂದಿನ ಉಣ್ಣೆಯನ್ನು ಮನೆದೇವರ ಗುಡ್ಡದ ಬುಡದಲ್ಲೇ ಕತ್ತರಿಸುತ್ತೇನೆ ಎಂದು ಹರಕೆ ಹೊತ್ತಿದ್ದನಂತೆ. ಈ ಸಲ ಕತ್ತರಿಸುವವರು ಇಲ್ಲೇ ಸಿಕ್ಕರೆಂದು ಇಲ್ಲೇ ಮುಗಿಸಿದ್ದ.

"ಉಣ್ಣೆ ಕತ್ರಿಸಿದ ಮಾರನೇ ದಿನಾನೇ ಸುರುವಾತು ನೋಡ್ರಿ. ತಪ್ಪು ನಂದೇ. ದ್ಯಾವ್ರು ಸುಮ್ನಿರ್ತಾನಾ? ನಾಳೆ ಬೆಳಕರಿಯೋದ್ರಾಗೆ ಮಂದೆ ಎಬ್ಬಿಸ್ತೀನಿ. ಶ್ರೀರಾಂಪುರದ ಮ್ಯಾಲೆ ಹಾದು ಗುಡ್ಡ ಮುಟ್ಟಿ ತಪ್ಪೊಪ್ಪಿಕಂಡು ಬರ್ತೀವಿ" ಎಂದ. ಹೆಂಡತಿ ತಲೆ ತಗ್ಗಿಸಿ ಕುಳಿತಿದ್ದಳು. ಇಲ್ಲೇ ಕತ್ತರಿಸೋಣ ಎಂದವಳು ಅವಳಂತೆ. ಆ ದಿನಗಳಲ್ಲಿ ಅವಳು ಸರಿಯಾಗಿ ಊಟ ಮಾಡುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಶೆಡ್ಡಿಗೆ ಬಂದು ಇಟಲಿಯ ಗೆಳತಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳುತ್ತಾ ಹೋದೆ. ಅವಳು ನಡುವೆ ತಡೆದು, "ಕುರಿ ಬಿಟ್ಟದ್ದು ಯಾವ ತಿಂಗಳು?" ಎಂದಳು.

ಹೇಳಿದೆ. ಅವಳು ತಮ್ಮ ಕಡೆಯ ಪದ್ಧತಿ ಬಿಡಿಸಿ ಹೇಳಿದಳು. ಅವರಲ್ಲಿ ಕುರಿ ಬರುವುದು ಎಲೆಯೆಲ್ಲ ಉದುರಿ, ಮಳೆ ಬಿದ್ದು ಬಳ್ಳಿ ತೊಳೆದುಹೋದ ಮೇಲೆ. ವರ್ಷದ ಮೊದಲ ತಾಮ್ರ ಹೊಡೆಯುವ ಮುನ್ನ ಮಂದೆ ತೋಟದಿಂದ ಆಚೆ. ಹಿಪ್ಪೆ ಹೋಗುವುದು ಭಟ್ಟಿ ಇಳಿಸುವವರಿಗೆ, ಕುರಿಗಂತೂ ಎಂದೂ ಇಲ್ಲ. ಅವಳ ತಾತನ ಕಾಲದಲ್ಲಿ ಒಮ್ಮೆ ಹೀಗೇ ಮಂದೆ ಸತ್ತಿತ್ತಂತೆ. "ಇದು ಇಲ್ಲಿ ಮಕ್ಕಳಿಗೂ ಗೊತ್ತು. ಗೊತ್ತಿರುವುದನ್ನು ನಿನಗೆ ಹೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ" ಎಂದಳು. ನಮ್ಮಲ್ಲಿ ಬಳ್ಳಿ ಚಳಿಗೆ ಮಲಗುವುದೇ ಇಲ್ಲ. ವರ್ಷಕ್ಕೆ ಎರಡು ಸಲ ಸವರುತ್ತೇವೆ, ಎರಡೂ ಚಿಗುರಿಗೆ ಔಷಧಿ ಹೊಡೆಯುತ್ತೇವೆ, ತೊಳೆಯುವಷ್ಟು ಮಳೆ ನಮ್ಮ ಸೀಮೆಗೆ ಬರುವುದೂ ಇಲ್ಲ. ನಾನು ಚಿತ್ರ ತಂದಿದ್ದೆ, ಋತು ಬಿಟ್ಟು ಬಂದಿದ್ದೆ.

ಅವಳು ಇನ್ನೊಂದು ಮಾತು ಹೇಳಿದಳು. ತಾಮ್ರ ತಿಂಗಳುಗಟ್ಟಲೆ ಪಿತ್ತಜನಕಾಂಗದಲ್ಲಿ ಸುಮ್ಮನೆ ಕೂತಿರುತ್ತದೆ. ಕುರಿಗೆ ಗಾಬರಿಯೋ ಆಯಾಸವೋ ಆದಾಗ ಒಮ್ಮೆಲೇ ರಕ್ತಕ್ಕೆ ನುಗ್ಗುತ್ತದೆ. "ಅವುಗಳನ್ನು ನಡೆಸಬೇಡ. ನೆರಳಲ್ಲಿ ನಿಲ್ಲಿಸು."

ಅಲ್ಲಿಗೆ ಉಣ್ಣೆ ಕತ್ತರಿಸಿದ ಮಾರನೆಯ ದಿನವೇ ಯಾಕೆ ಶುರುವಾಯಿತು ಎಂಬುದು ಗೊತ್ತಾಯಿತು. ಬೆಳಗಾದರೆ ಇಡೀ ಮಂದೆ ಬಿಸಿಲಲ್ಲಿ ಗುಡ್ಡದ ದಾರಿ ಹಿಡಿಯುತ್ತದೆ, ದಾರಿಯುದ್ದಕ್ಕೂ ಬೀಳುತ್ತವೆ, ಬಿದ್ದಷ್ಟೂ ಕುರಿಯವನು ದೇವರ ಸಿಟ್ಟು ಇಳಿದಿಲ್ಲವೆಂದು ಇನ್ನೂ ಬೇಗ ನಡೆಸುತ್ತಾನೆ. ನಾನು ಸುಮ್ಮನಿದ್ದರೆ ಯಾರೂ ನಮ್ಮ ತೋಟದ ಹೆಸರೆತ್ತುವುದಿಲ್ಲ. ಅವನೇ ತಪ್ಪೊಪ್ಪಿಕೊಂಡುಬಿಟ್ಟಿದ್ದ. ಮಾಲೀಕರಿಗೆ ಫೋನ್ ಮಾಡಿ, "ವರದಿ ಕಾಯಲ್ಲ ಸರ್, ಹೇಳ್ತೀನಿ" ಎಂದೆ. "ಹೇಳ್ಬಿಡಮ್ಮ" ಎಂದರು.

ಮಂದೆ ಬೇವಿನ ಮರಗಳ ಕೆಳಗಿತ್ತು. ಹೆಂಡತಿ ಬುತ್ತಿಗೆ ರೊಟ್ಟಿ ತಟ್ಟುತ್ತಿದ್ದಳು. "ಕುಂತ್ಕಳ್ರಿ ಅಮ್ಮಾರೆ" ಎಂದಳು. ನಾನು ಕೂರಲಿಲ್ಲ. ಹಿಪ್ಪೆಯಲ್ಲಿ, ಎಲೆಯಲ್ಲಿ ಮೈಲುತುತ್ತ ಇತ್ತು, ಅದನ್ನು ತಿನ್ನಿಸಿದವಳು ನಾನು, ನಿಮ್ಮ ಹರಕೆಗೂ ಇದಕ್ಕೂ ಸಂಬಂಧವಿಲ್ಲ, ನಾಳೆ ನಡೆಸಿದರೆ ಉಳಿದವೂ ಸಾಯುತ್ತವೆ ಎಂದು ಒಂದೇ ಉಸಿರಿಗೆ ಹೇಳಿದೆ.

ಕುರಿಯವನು ನನ್ನನ್ನೇ ನೋಡಿದ. "ಹಂಗಾರೆ ದ್ಯಾವ್ರು ಮುನಿದಿಲ್ಲ?"

"ಇಲ್ಲ."

ಅವನು ಹೆಂಡತಿಯ ಕಡೆ ತಿರುಗಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಇಷ್ಟೂ ದಿನ ಹೊತ್ತಿದ್ದ ಭಾರ ಇಳಿದದ್ದು ಇಬ್ಬರ ಮುಖದಲ್ಲೂ ಕಾಣುತ್ತಿತ್ತು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ನೆಮ್ಮದಿಯನ್ನು ನೋಡಲಾಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹೆಂಡತಿ ಕೇಳಿದಳು: "ಮತ್ತೆ ನಿಮ್ಮ ವೈನ್ ಕುಡಿಯೋರಿಗೆ ಏನೂ ಆಗಲ್ವಾ?"

"ಇಲ್ಲ. ತಾಮ್ರ ಸಿಪ್ಪೇಲಿ ಉಳಿದುಬಿಡುತ್ತೆ. ವೈನಿಗೆ ಬರಲ್ಲ."

"ಅಂದ್ರೆ ಒಳ್ಳೇದೆಲ್ಲ ಬಾಟ್ಲಿಗೆ ಹೋತು, ಮಿಕ್ಕಿದ್ದು ನಮ್ಮ ಕುರಿಗೆ" ಎಂದಳು. ಚುಚ್ಚಿ ಹೇಳಿದ್ದಲ್ಲ, ಅರ್ಥ ಮಾಡಿಕೊಳ್ಳಲು ಹೇಳಿದ್ದು. ಹೌದು ಎಂದೆ.

ಸಾಹೇಬರು ಫೋನಿನಲ್ಲಿ ನನ್ನ ಮಾತೆಲ್ಲ ಕೇಳಿಸಿಕೊಂಡರು. "ಬೇಟಿ, ಅವತ್ತು ನನ್ನ ಪಕ್ಕದಾಗೇ ನಿಂತಿದ್ದೆಲ್ಲ" ಎಂದರು. ಅಷ್ಟೇ ಬೈಗುಳ. ಆಮೇಲೆ ಕೆಲಸದ ಮಾತಿಗೆ ಬಂದರು. ಕಾಯಿಲೆ ಬಿದ್ದದ್ದು ಕಷ್ಟ, ಆದರೆ ಚೆನ್ನಾಗಿ ಕಾಣುವ ಕುರಿಗಳ ಹೊಟ್ಟೆಯ ತಾಮ್ರವನ್ನು ಹೊರಹಾಕಬಹುದು. ಅಮೋನಿಯಂ ಮಾಲಿಬ್ಡೇಟ್ ಎಂಬ ಪುಡಿಯನ್ನು ಸೋಡಿಯಂ ಸಲ್ಫೇಟಿನ ಜೊತೆ ನೀರಲ್ಲಿ ಕರಗಿಸಿ ದಿನಾ ಕುಡಿಸಬೇಕು, ವಾರಗಟ್ಟಲೆ. ಆ ಪುಡಿ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ. ಹಿರಿಯೂರು, ಚಿತ್ರದುರ್ಗ, ಹೊಸದುರ್ಗ ಎಲ್ಲ ಕಡೆ ವಿಚಾರಿಸಿದೆ. ತರಿಸಲು ಬಹಳ ದಿನ ಬೇಕು ಎಂದರು. ಅಷ್ಟರಲ್ಲಿ ಮತ್ತೊಂದು ಕುರಿ ಬಿತ್ತು.

ಕಾಲೇಜಿನ ದಿನಗಳು ನೆನಪಾದವು. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಫಾಸ್ಫೇಟ್ ಪತ್ತೆಗೆ ಬಳಸುತ್ತಿದ್ದೆವಲ್ಲ, ಹಳದಿ ಗಸಿ ಬೀಳಿಸುವ ಆ ಬಿಳಿ ಪುಡಿ ಅದೇ. ನನ್ನ ಸಹಪಾಠಿಯೊಬ್ಬಳು ಸಿರಿಗೆರೆ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಬಸ್ಸಿಳಿದು ಬರುವ ಹುಡುಗ ಹುಡುಗಿಯರ ನಡುವೆ ನುಸುಳಿಕೊಂಡು ಅವಳ ಲ್ಯಾಬಿಗೆ ಹೋದೆ. "ಹೆಂಡ ಮಾಡೋಳಿಗೆ ನಮ್ಮೂರಾಗೆ ಏನ್ ಕೆಲ್ಸಾನೇ?" ಎಂದಳು. ವಿಷಯ ಹೇಳಿದ ಮೇಲೆ ನಗಲಿಲ್ಲ. ಪ್ರಾಂಶುಪಾಲರ ಅಪ್ಪಣೆ ಪಡೆದು ಇದ್ದ ಸೀಸೆಗಳನ್ನೆಲ್ಲ ಕೊಟ್ಟಳು, ಬೇರೆ ಕಾಲೇಜುಗಳಿಗೂ ಫೋನ್ ಮಾಡಿದಳು. ಯೀಸ್ಟಿನ ಆಹಾರ ತೂಗುವ ನನ್ನ ತಕ್ಕಡಿಯಲ್ಲೇ ಸಾಹೇಬರು ಪ್ರಮಾಣ ತೂಗಿಕೊಟ್ಟರು.

ಅಂದಿನಿಂದ ನನ್ನ ಬೆಳಗು ಬೇವಿನ ಮರದ ಕೆಳಗೆ. ಗಂಡ ಕುರಿಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ದವಡೆ ಎತ್ತಿ ಹಿಡಿಯುತ್ತಿದ್ದ; ನಾನು ಬಾಯಿಯ ಪಕ್ಕದಿಂದ ಪಿಚಕಾರಿ ತೂರಿಸಿ ಮೆಲ್ಲಗೆ ಒತ್ತುತ್ತಿದ್ದೆ. ಜೋರಾಗಿ ಒತ್ತಿದರೆ ಶ್ವಾಸಕ್ಕೆ ಹೋಗುತ್ತದೆ. ಕುಡಿಸಿದ ಕುರಿಯ ಬೆನ್ನಿಗೆ ಹೆಂಡತಿ ಕೆಮ್ಮಣ್ಣಿನ ಬೊಟ್ಟಿಡುತ್ತಿದ್ದಳು. ಮೊದಮೊದಲು ಅರ್ಧ ನನ್ನ ಮೈಮೇಲೇ ಚೆಲ್ಲುತ್ತಿತ್ತು. "ಮೆಲ್ಲಕೆ ಅಮ್ಮಾರೆ, ಕುರಿ ಎಲ್ಲೂ ಹೋಗಲ್ಲ" ಎನ್ನುತ್ತಿದ್ದ ಅವನು. ಮೊದಲ ವಾರದಲ್ಲಿ ಇನ್ನೂ ಕೆಲವು ಸತ್ತವು. ಆಮೇಲೆ ಒಂದು ದಿನ ಯಾವುದೂ ಸಾಯಲಿಲ್ಲ, ಮರುದಿನವೂ ಇಲ್ಲ. ವರದಿ ಬಂದಾಗ ಅದರಲ್ಲಿ ಹೊಸತೇನೂ ಇರಲಿಲ್ಲ. ಮಾಲೀಕರು ತಾವೇ ಸಂತೆಗೆ ಹೋಗಿ ಸತ್ತ ಕುರಿಗಳ ಬದಲಿಗೆ ಕುರಿ ತಂದು ಕಟ್ಟಿದರು. ಕುರಿಯ ಚಿತ್ರದ ಚೀಟಿಗಳನ್ನು ಒಲೆಗೆ ಹಾಕಿಸಿದರು. ಹಿಪ್ಪೆ ಇನ್ನು ಮೇಲೆ ಯಾರ ಬಾಯಿಗೂ ಹೋಗಬಾರದೆಂದು ತೀರ್ಮಾನವಾಯಿತು. ತಾಮ್ರ ಕಡಿಮೆ ಮಾಡಿದರೆ ವೈನಿನ ಬೆಲೆ ಏರುತ್ತದೆ, ಏರಲಿ ಎಂದರು. ನನಗೆ ಇಟಲಿಯ ಅಜ್ಜಿಯ ಮಾತು ನೆನಪಾಗಿ ಮೊದಲ ಸಲ ಕಹಿಯಾಯಿತು. ಅಗ್ಗ ಎಂದು ನಾನು ಬೀಗಿದ್ದರ ಬೆಲೆಯನ್ನು ಇವರ ಮಂದೆ ಕೊಟ್ಟಿತ್ತು.

ಮುಂಗಾರಿನ ಮೊದಲ ಹನಿಗಳು ಬೀಳುವ ಹೊತ್ತಿಗೆ ಔಷಧಿ ಕುಡಿಸುವ ಕೊನೆಯ ದಿನ ಬಂತು. ಸಾಹೇಬರು ಹಿಂದಿನ ದಿನ ನೋಡಿ ಇನ್ನು ಸಾಕು ಎಂದಿದ್ದರು. ಕೊನೆಯ ಕುರಿಯ ಬಾಯಿಂದ ಪಿಚಕಾರಿ ತೆಗೆದೆ. ಅವನು ದವಡೆ ಬಿಟ್ಟು, ಅದು ಮೈ ಕೊಡವಿಕೊಂಡು ಮಂದೆ ಸೇರುವವರೆಗೂ ನೋಡುತ್ತಿದ್ದು, ಕೈ ಒರೆಸಿಕೊಂಡ.

"ಅಮ್ಮಾರೆ, ಒಂದು ಕೇಳ್ಲಾ? ಸಾಹೇಬ್ರು ಮೊದ್ಲ ಕುರಿ ಕೊಯ್ದಾಗ ಮೈಲುತುತ್ತ ಏನಾದ್ರೂ ತಿಂದಾವಾ ಅಂತ ಕೇಳಿದ್ರು. ನಾನು ಇಲ್ಲ ಅಂದೆ. ನೀವು ಅಲ್ಲೇ ಇದ್ರಿ. ನಿಮ್ಗೆ ಅವತ್ತೇ ಗೊತ್ತಾಗಿತ್ತಾ?"

"ಗೊತ್ತಾಗಿತ್ತು" ಎಂದೆ.

ಅವನು ತಲೆಯಾಡಿಸಿದ. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಮಂದೆಯ ಕಡೆ ನಡೆದ. ನಾನು ಪಿಚಕಾರಿ ಹಿಡಿದು ನಿಂತೇ ಇದ್ದೆ. ಹೆಂಡತಿ ಪಾತ್ರೆಗಳನ್ನು ಗಂಟು ಕಟ್ಟುತ್ತಾ, ನನ್ನನ್ನು ಸಮಾಧಾನ ಮಾಡುವವಳಂತೆ ಹೇಳಿದಳು:

"ಬೇಜಾರ್ ಮಾಡ್ಕಬ್ಯಾಡ್ರಿ ಅಮ್ಮಾರೆ. ನೀವು ಬಂದು ಹೇಳಿದ ದಿನಾನೇ ಕೇಳ್ಬೇಕು ಅಂತಿದ್ದ. ನಾನೇ ಬ್ಯಾಡ ಅಂದೆ. ಔಷ್ದಿ ಮುಗೀಲಿ ಇರು, ಈಗ್ಲೇ ಕೇಳಿದ್ರೆ ಅಮ್ಮಾರು ಬರಾದ್ ಬಿಟ್ರೆ ಏನ್ ಮಾಡಾಣ ಅಂದೆ."